"ಏನೂ ಆಗಲ್ಲ ಬಿಡು" ಅಂದವರ ಹೆಸರೂ ದಾಖಲಾಗಲಿ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಪಾಂಡವಪುರ ತಾಲ್ಲೂಕಿನ ರೈತ. ನಮ್ಮ ಗದ್ದೆಗೆ ನೀರು ಬರುವುದು ಕೆಆರ್‌ಎಸ್ ಅಣೆಕಟ್ಟೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಿಂದ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಕಟ್ಟೆ. ಉಳಿದ ಗೇಟುಗಳನ್ನೂ ಎತ್ತಿ ಒತ್ತಡ ಇಳಿಸಬೇಕಾಯಿತು. ಬೆಳೆಗೆ ಅಂತ ಕೂಡಿಟ್ಟ ನೀರು ದಿನಗಟ್ಟಲೆ ಹೊಳೆ ಪಾಲಾಯಿತು. ಆ ಕಟ್ಟೆಗೆ ಆಗ 70 ವರ್ಷ. ನಮ್ಮ ಕೆಆರ್‌ಎಸ್ ಅದಕ್ಕಿಂತ ಇಪ್ಪತ್ತು ವರ್ಷ ದೊಡ್ಡದು. ಇಲ್ಲಿ ಹಳೆಯ ಗೇಟುಗಳನ್ನು ಬದಲಾಯಿಸಿದ್ದಾರೆ, ಅದು ಸಮಾಧಾನದ ವಿಷಯ. ಆದರೆ ಹೊಸದಕ್ಕೂ ತುಕ್ಕು ಹಿಡಿಯುತ್ತದೆ. ಗೇಟಿಗೆ ಗ್ರೀಸ್ ಹಚ್ಚುವವರಿಗೆ ಸದ್ದಿನ ವ್ಯತ್ಯಾಸ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅವರು ಹೇಳಿದ್ದು ಎಲ್ಲಿಯವರೆಗೆ ಹೋಗುತ್ತದೆ?

ಈ ಪ್ರಶ್ನೆ ನನ್ನನ್ನು ಹಿಡಿದದ್ದು ನಮ್ಮೂರ ತೂಬಿನ ಹತ್ತಿರ. ಅಲ್ಲಿ ಗೇಟು ಎತ್ತುವ ಸ್ಕ್ರೂ ರಾಡು ತುಕ್ಕು ಹಿಡಿದು ಬಗ್ಗಿದೆ. ಎಷ್ಟು ತಿರುಗಿಸಿದರೂ ಗೇಟು ಪೂರ್ತಿ ಕೂರುವುದಿಲ್ಲ, ಕೆಳಗೆ ಗೇಣಗಲ ಸಂದಿ ಉಳಿಯುತ್ತದೆ. ನಾಲೆ ನೀರು ಬಿಡುವ ನಮ್ಮ ನೀರುಗಂಟಿ ಗೋಣಿಚೀಲಕ್ಕೆ ಮಣ್ಣು ತುಂಬಿ ಅದಕ್ಕೆ ಒತ್ತುತ್ತಾರೆ. ಪಕ್ಕದ ಏರಿಯಲ್ಲಿ ನೀರು ಜಿನುಗಿ ಮಣ್ಣು ಮೆತ್ತಗಾಗಿದೆ. ಕಾಲಿಟ್ಟರೆ ಪಾದ ಮುಳುಗುತ್ತದೆ. ಅವರು ಮೇಲಿನವರಿಗೆ ಹೇಳಿದರು. ಬಂದ ಉತ್ತರ: "ಹೋದ್ ವರ್ಷಾನೂ ಹಿಂಗೇ ಇತ್ತಲ್ಲ, ಏನಾಯ್ತು? ಏನೂ ಆಗಲ್ಲ ಬಿಡು." ಎಲ್ಲೂ ಬರೆದುಕೊಳ್ಳಲಿಲ್ಲ. ನಾಳೆ ಏರಿ ಒಡೆದರೆ ಅವರು ಹೇಳಿದ್ದರು ಅನ್ನುವುದಕ್ಕೂ ಸಾಕ್ಷಿ ಇಲ್ಲ.

ಸ್ವಾಮಿ, ಇದೇ ಮಾತು ಎಂಥೆಂಥವರನ್ನು ಮೋಸ ಮಾಡಿದೆ ನೋಡಿ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಚೂರಾಗಿ 7 ಜನ ಸತ್ತರು. ರಾಕೆಟ್ಟಿನ ಜಾಯಿಂಟಿನಲ್ಲಿದ್ದ ರಬ್ಬರ್ ರಿಂಗು ಕೈಕೊಟ್ಟಿತ್ತು. ಹಿಂದಿನ ಹಾರಾಟಗಳಲ್ಲೂ ಆ ರಿಂಗು ಸುಟ್ಟು ಸವೆದದ್ದುಂಟು. ಆದರೂ ನೌಕೆ ಕ್ಷೇಮವಾಗಿ ವಾಪಸ್ ಬಂದಿತ್ತು. ಹಾಗಾಗಿ ಸವೆಯುವುದೇ ಮಾಮೂಲು ಅಂತಾಯಿತು. ಹಿಂದಿನ ರಾತ್ರಿ ಎಂಜಿನಿಯರುಗಳು ಚಳಿ ಜಾಸ್ತಿ ಇದೆ, ರಿಂಗು ಗಡುಸಾಗುತ್ತದೆ, ಹಾರಿಸಬೇಡಿ ಅಂದರು. ಮೇಲಿನವರು ಕೇಳಲಿಲ್ಲ. ಭೋಪಾಲದ ಕಾರ್ಖಾನೆಯಲ್ಲಿ 1984ರ ಡಿಸೆಂಬರಿನಲ್ಲಿ ವಿಷಾನಿಲ ಸೋರಿದಾಗ ಟ್ಯಾಂಕು ತಣ್ಣಗಿಡುವ ಯಂತ್ರ ಬಂದ್ ಆಗಿತ್ತು, ಅನಿಲ ಸುಡುವ ಗೋಪುರವೂ ಕೆಲಸ ಮಾಡುತ್ತಿರಲಿಲ್ಲ. ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ 1982ರಿಂದಲೇ ಎಚ್ಚರಿಸಿ ಬರೆಯುತ್ತಿದ್ದರು.

ನಮ್ಮಲ್ಲೂ ಅಷ್ಟೇ ಅಲ್ವಾ? 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅವರಲ್ಲಿ ಶಾಲೆ ಮಕ್ಕಳೂ ಇದ್ದರು. ನಾಲೆ ಪಕ್ಕದ ರಸ್ತೆಗೆ ತಡೆಗೋಡೆ ಬೇಕು ಅಂತ ಅವತ್ತು ಎಲ್ಲರೂ ಹೇಳಿದರು. ಐದು ವರ್ಷದ ಮೇಲೆ, 2023ರ ನವೆಂಬರಿನಲ್ಲಿ, ಬನಘಟ್ಟದ ಹತ್ತಿರ ಕಾರೊಂದು ಅದೇ ನಾಲೆಗೆ ಬಿದ್ದು 5 ಜನ ಸತ್ತರು. ಈ ಐದು ವರ್ಷದ ಲೆಕ್ಕ ಯಾರು ಕೊಡಬೇಕು? ಕೆಆರ್‌ಎಸ್ ಹತ್ತಿರದ ಬೇಬಿ ಬೆಟ್ಟದ ಕಲ್ಲುಗಣಿ ಸ್ಫೋಟಗಳಿಂದ ಕಟ್ಟೆಗೆ ಅಪಾಯ ಅಂತಲೂ ಜನ ವರ್ಷಗಟ್ಟಲೆ ಕೂಗಿದರು. ಕೊನೆಗೆ 2024ರಲ್ಲಿ ಹೈಕೋರ್ಟೇ ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗಿನ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ನೀರುಗಂಟಿ, ಗೇಟು ನೋಡಿಕೊಳ್ಳುವವರು, ಲೈನ್‌ಮನ್, ಕಾರ್ಖಾನೆ ಕಾರ್ಮಿಕರು, ಊರಿನವರು, ಯಾರೇ ಅಪಾಯ ಕಂಡು ಹೇಳಿದರೂ ನಿಮ್ಮ ಕಚೇರಿಯ ಒಂದು ಪುಸ್ತಕದಲ್ಲಿ ದಾಖಲಾಗಲಿ. ಹದಿನೈದು ದಿನದೊಳಗೆ ಉತ್ತರ ಬರಲಿ. "ಏನೂ ಆಗಲ್ಲ" ಅನ್ನುವುದಾದರೆ ಹಾಗೆ ತೀರ್ಮಾನಿಸಿದ ಅಧಿಕಾರಿಯ ಹೆಸರು, ಸಹಿ, ಕಾರಣ ಅದರಲ್ಲೇ ಇರಲಿ. ಸಹಿ ಹಾಕಬೇಕು ಅಂದರೆ ಯಾರೂ ಸುಮ್ನೆ ಹಾಗನ್ನುವುದಿಲ್ಲ, ಒಂದು ಸಲ ಹೋಗಿ ನೋಡುತ್ತಾರೆ. ಹೇಳಿದವರು ದಿನಗೂಲಿಯವರಾದರೆ ಅವರ ಕೆಲಸಕ್ಕೆ ಕುತ್ತು ಬರಬಾರದು. ಇದನ್ನು ಒತ್ತಿ ಹೇಳುತ್ತೇನೆ. ಹೆದರಿದವರು ಬಾಯಿ ಬಿಡುವುದಿಲ್ಲ.

ಇನ್ನೊಂದು ವಿಷಯ. ಅಣೆಕಟ್ಟು ಸುರಕ್ಷತಾ ಕಾಯ್ದೆ ಜಾರಿಗೆ ಬಂದದ್ದು 2021ರ ಡಿಸೆಂಬರ್ 30ರಂದು. ಹಳೆಯ ಅಣೆಕಟ್ಟುಗಳಿಗೂ ಐದು ವರ್ಷದೊಳಗೆ ತುರ್ತು ಕ್ರಿಯಾ ಯೋಜನೆ ಆಗಬೇಕು ಅಂತ ಅದರಲ್ಲಿದೆ. ಕೆಆರ್‌ಎಸ್‌ನ ಯೋಜನೆ ಕಚೇರಿಯ ಕಪಾಟಿನಲ್ಲಿದ್ದರೆ ಸಾಲದು. ಎಷ್ಟು ಕ್ಯೂಸೆಕ್ ಬಿಟ್ಟರೆ ಯಾವ ಊರಿಗೆ ನೀರು ನುಗ್ಗುತ್ತದೆ, ರಾತ್ರಿ ಹೊತ್ತು ಯಾರು ಬಂದು ಎಬ್ಬಿಸುತ್ತಾರೆ, ಯಾವ ದಾರಿಯಲ್ಲಿ ಹೋಗಬೇಕು, ಇಷ್ಟನ್ನು ಕನ್ನಡದಲ್ಲಿ ಬರೆಸಿ ಶ್ರೀರಂಗಪಟ್ಟಣದ ಹೊಳೆಸಾಲಿನ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ಹಾಕಿಸಿ. ಮಳೆಗಾಲಕ್ಕೆ ಮುಂಚೆ ಒಂದು ಸಲ ಜನರನ್ನು ಸೇರಿಸಿ ತಾಲೀಮು ಮಾಡಿಸಿ.

ಇಂತಿ ನಮಸ್ಕಾರಗಳೊಂದಿಗೆ,
ಪಾಂಡವಪುರ ತಾಲ್ಲೂಕಿನ ಒಬ್ಬ ರೈತ