ಅಪ್‌ಡೇಟ್ ಬಂದು ಮಕ್ಕಳ ಮೃಗಾಲಯ ಹಾಳಾಯ್ತು: ಆಟದ ಕಂಪನಿಗೆ ದೂರು ಪತ್ರ

ಇವರಿಂದ:
ಕಂಪ್ಯೂಟರ್ ಕ್ಲಾಸ್ ಶಿಕ್ಷಕಿ,
ಕಲಬುರಗಿ

ಇವರಿಗೆ:
ಕುಂದುಕೊರತೆ ಅಧಿಕಾರಿಗಳು,
ಮೃಗಾಲಯ ಕಟ್ಟುವ ಆಟದ ಕಂಪನಿ

ವಿಷಯ: ಅಪ್‌ಡೇಟ್ ನಂತರ ಉಷ್ಣವಲಯದ ಮೃಗಾಲಯ ಕೆಟ್ಟಿರುವ ಬಗ್ಗೆ, ಹಳೆಯ ಸೇವ್ ಫೈಲ್ ವಾಪಸ್ ಕೊಡುವ ಬಗ್ಗೆ, ಆಗದಿದ್ದರೆ ಹಣ ಮರಳಿಸುವ ಬಗ್ಗೆ.

ಮಾನ್ಯರೇ,

ನಿಮ್ಮ ಮೃಗಾಲಯ ಕಟ್ಟುವ ಆಟವನ್ನೂ, ಅದಕ್ಕೆಂದು ಬೇರೆ ಮಾರುವ ಉಷ್ಣವಲಯದ ಪ್ಯಾಕನ್ನೂ ದುಡ್ಡು ಕೊಟ್ಟು ಕೊಂಡ ಗ್ರಾಹಕಿ ನಾನು. ಕಳೆದ ತಿಂಗಳು ನೀವು ಬಿಟ್ಟ ಅಪ್‌ಡೇಟ್ ಆದ ಮೇಲೆ ನಮ್ಮ ಮೃಗಾಲಯ ನಡೆಯುತ್ತಿಲ್ಲ. ಗಿಬ್ಬನ್ ಎಂಬ ಬಾಲವಿಲ್ಲದ ವಾನರಗಳು ತಮ್ಮ ದ್ವೀಪ ಬಿಟ್ಟು ಜನರ ದಾರಿಗೆ ಬರುತ್ತಿವೆ. ಉಷ್ಣವಲಯಕ್ಕೆ ಹೊಂದುವ ಹಾಗೆ ಕಟ್ಟಿದ್ದಕ್ಕೆ ಆಟ ಕೊಡುವ ಥೀಮ್ ಅಂಕ ಮೃಗಾಲಯದ ಅರ್ಧ ಭಾಗಕ್ಕೆ ಸೊನ್ನೆಗೆ ಇಳಿದಿದೆ. ಕಟ್ಟಿದ್ದನ್ನೆಲ್ಲ ಉಳಿಸಿಟ್ಟಿದ್ದ ಹಳೆಯ ಸೇವ್ ಫೈಲ್ ಕೂಡ ಕೈಗೆ ಸಿಗುತ್ತಿಲ್ಲ. ಕಸ್ಟಮರ್ ಕೇರ್‌ಗೆ ಬರೆದರೆ, ನಿಮ್ಮ ವಿನ್ಯಾಸದಲ್ಲೇ ತಪ್ಪಿದೆ, ಸರಿಮಾಡಿಕೊಳ್ಳಿ ಎಂಬ ಉತ್ತರ ಬಂತು. ಆ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಈ ಮೃಗಾಲಯ ಕಟ್ಟಿದವರು ನನ್ನ ಕ್ಲಾಸಿನ ಮಕ್ಕಳು. ಎಂಟು, ಒಂಬತ್ತನೇ ತರಗತಿಯವರು. ಬೇಸಿಗೆ ರಜೆಯಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಹೊರಗೆ ಆಡುವ ಮಾತೇ ಇಲ್ಲ. ಹಾಗಾಗಿ ಕಂಪ್ಯೂಟರ್ ಮುಂದೆ ಸರದಿ ಹಾಕಿಕೊಂಡು ಕೂತು ಕಟ್ಟಿದರು. ಒಬ್ಬ ನೆಲ ತಗ್ಗು ಮಾಡಿದರೆ, ಇನ್ನೊಬ್ಬಳು ಗಿಡ ನೆಟ್ಟಳು, ಮತ್ತೊಬ್ಬ ಟಿಕೆಟ್ ಹಣ, ಮೇವಿನ ಖರ್ಚು ನೋಡಿಕೊಂಡ. ಕರೆಂಟ್ ಹೋದಾಗ ನೋಟ್‌ಬುಕ್‌ನಲ್ಲಿ ನಕ್ಷೆ ಬರೆಯುತ್ತಾ ಕೂರುತ್ತಿದ್ದರು. ದಾರಿಗೆ ನಿಮ್ಮ ಆಟದಲ್ಲಿದ್ದ ಬೂದು ಬಣ್ಣದ ಹಾಸುಗಲ್ಲು ಆರಿಸಿದ್ದು ಯಾಕೆ ಗೊತ್ತಾ? ಅದು ನಮ್ಮ ಶಹಾಬಾದ್ ಕಲ್ಲಿನ ಹಾಗೆ ಕಾಣುತ್ತದೆ ಅಂತ. ನಮ್ಮಲ್ಲಿ ಪ್ರತಿ ಮನೆಯ ಅಂಗಳದಲ್ಲೂ ಅದೇ ಕಲ್ಲು. ಈ ಮಕ್ಕಳು ನಿಮ್ಮ ಆಟವನ್ನು ಅಷ್ಟು ತಮ್ಮದಾಗಿ ಮಾಡಿಕೊಂಡಿದ್ದರು.

ಈಗ ಗಿಬ್ಬನ್ ವಿಷಯಕ್ಕೆ ಬರುತ್ತೇನೆ. ದೂರಿನ ಮುಖ್ಯ ಭಾಗ ಇದೇ.

ಗಿಬ್ಬನ್‌ಗೆ ಈಜು ಬರುವುದಿಲ್ಲ. ಮರದಿಂದ ಮರಕ್ಕೆ ಕೈಯಲ್ಲೇ ತೂಗಾಡಿ ಹೋಗುವ ಪ್ರಾಣಿ ಅದು, ನೀರಿನಿಂದ ದೂರವೇ ಇರುತ್ತದೆ. ಅದಕ್ಕೇ ಎಷ್ಟೋ ಮೃಗಾಲಯಗಳಲ್ಲಿ ಗಿಬ್ಬನ್‌ಗೆ ಪಂಜರ ಕಟ್ಟುವುದಿಲ್ಲ. ನೀರಿನ ನಡುವೆ ಒಂದು ದ್ವೀಪ ಮಾಡಿ, ಎತ್ತರದ ಮರ, ಹಗ್ಗ ಕೊಟ್ಟು ಬಿಡುತ್ತಾರೆ. ನೀರೇ ಬೇಲಿ. ನಮ್ಮ ಮಕ್ಕಳು ಮಾಡಿದ್ದೂ ಅದನ್ನೇ. ದ್ವೀಪದ ನಡುವೆ ದೊಡ್ಡ ಆಲದ ಮರ, ಸುತ್ತ ಒಣ ಕಾಂಡಗಳು, ಅವುಗಳ ನಡುವೆ ಹಗ್ಗ. ಹಗ್ಗದ ಉದ್ದ ಎಷ್ಟಿದ್ದರೆ ಗಿಬ್ಬನ್ ಆಚೆ ದಡಕ್ಕೆ ಜಿಗಿಯುವುದಿಲ್ಲ ಎಂದು ಅಳೆದು ನೋಡಿ ಕಟ್ಟಿದ್ದರು.

ಅದರಲ್ಲಿ ಒಂದು ವಿಷಯ ನಿಮ್ಮ ಗಮನಕ್ಕೆ ತರಲೇಬೇಕು. ಗಿಬ್ಬನ್ ಈಜುವುದಿಲ್ಲ ಎಂದು ಗೊತ್ತಾದ ಕೂಡಲೇ ಒಬ್ಬ ಹುಡುಗಿ ಕೇಳಿದಳು, "ಮ್ಯಾಡಂ, ಕಾಲ್ ಜಾರಿ ನೀರಾಗ ಬಿದ್ರ ಏನ್ ಮಾಡ್ತದ್ರಿ?" ಆಮೇಲೆ ಅವಳೇ ದ್ವೀಪದ ಕಡೆಯ ದಡವನ್ನು ಕಡಿದು ಇಳಿಜಾರು ಮಾಡಿದಳು. ನೀರಿನ ಅಂಚಿನ ಉದ್ದಕ್ಕೂ ಬೇರು, ಬಳ್ಳಿ ಇಳಿಬಿಟ್ಟಳು. ಬಿದ್ದರೂ ಹಿಡಿದುಕೊಂಡು ಮೇಲೆ ಬರಲಿ ಅಂತ. ಜನ ನಿಲ್ಲುವ ಕಡೆಯ ದಡ ಮಾತ್ರ ನೆಟ್ಟಗೆ, ಎತ್ತರಕ್ಕೆ ಇತ್ತು. ನಿಜವಾದ ಮೃಗಾಲಯ ಕಟ್ಟುವವರೂ ಕೋತಿ, ವಾನರಗಳ ಕಂದಕಕ್ಕೆ ಇದೇ ರೀತಿ ಪ್ರಾಣಿಯ ಕಡೆ ಇಳಿಜಾರು ಅಥವಾ ಹಗ್ಗ ಕೊಡುತ್ತಾರೆ. ಯಾರೂ ಹೇಳಿಕೊಡದೆ ಒಬ್ಬ ಹುಡುಗಿ ಅಷ್ಟು ದೂರ ಯೋಚಿಸಿದ್ದಳು.

ಅಪ್‌ಡೇಟ್ ಆದ ಮೇಲೆ ನಿಮ್ಮ ಆಟ ಈ ನೀರನ್ನು ಬೇಲಿ ಎಂದು ಒಪ್ಪುತ್ತಿಲ್ಲ. ಮೃಗಾಲಯ ತೆರೆದ ಕೂಡಲೇ "ಆವರಣ ಭದ್ರವಾಗಿಲ್ಲ" ಎಂಬ ಕೆಂಪು ಎಚ್ಚರಿಕೆ ಬರುತ್ತದೆ. ಗಿಬ್ಬನ್‌ಗಳು ನೀರಿಗಿಳಿದು ಈಜಿಕೊಂಡು ಆಚೆ ಬರುತ್ತವೆ. ಜನ ಓಡುತ್ತಾರೆ, ಗೇಟ್ ಮುಚ್ಚುತ್ತದೆ, ಆಟದ ಹಣವೂ ಖಾಲಿ. ಕಸ್ಟಮರ್ ಕೇರ್‌ನವರು ಬರೆದ ಉತ್ತರ ನನ್ನ ಹತ್ತಿರ ಇದೆ. ಪ್ರಾಣಿಗಳ ನಡವಳಿಕೆಯನ್ನು ನಿಜಕ್ಕೆ ಹತ್ತಿರ ತಂದಿದ್ದೇವೆ, ನೀರು ತೆಗೆದು ಸುತ್ತ ಎತ್ತರದ ಜಾಲರಿ ಹಾಕಿ ಎನ್ನುತ್ತಾರೆ. ಈಜು ಬಾರದ ಪ್ರಾಣಿಯನ್ನು ಈಜಿಸುವುದು ನಿಜಕ್ಕೆ ಹತ್ತಿರ ಹೇಗಾಗುತ್ತದೆ? ನನಗೆ ಅರ್ಥವಾಗಿಲ್ಲ, ಮಕ್ಕಳಿಗೆ ವಿವರಿಸಲೂ ಆಗಿಲ್ಲ.

ಕಂದಕ ಹೊಸ ಯೋಚನೆಯೇನೂ ಅಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ತೆರೆದ ಮೃಗಾಲಯ ಹೆಸರಾಗಿದ್ದೇ ಕಂಬಿಗಳ ಬದಲು ಕಂದಕ ಬಳಸಿದ್ದಕ್ಕೆ. 1973ರಲ್ಲಿ ಶುರುವಾದ ಸಿಂಗಪುರ ಮೃಗಾಲಯವೂ ಅದೇ ದಾರಿ ಹಿಡಿಯಿತು. ಅಷ್ಟು ದೂರ ಯಾಕೆ, 1892ರಲ್ಲಿ ಶುರುವಾದ ನಮ್ಮ ಮೈಸೂರು ಮೃಗಾಲಯಕ್ಕೆ ಹೋದವರೆಲ್ಲ ಕಂದಕದ ಆಚೆ ನಿಂತ ಪ್ರಾಣಿಗಳನ್ನು ನೋಡಿದ್ದಾರೆ. ಉಷ್ಣವಲಯದ ಥೀಮ್‌ಗಂತೂ ಇದು ಇನ್ನೂ ಮುಖ್ಯ. ಹಸಿರು, ನೀರು, ನೆರಳು ಇವುಗಳಿಂದಲೇ ಆ ಥೀಮ್ ನಿಲ್ಲುತ್ತದೆ. ಅದರ ನಡುವೆ ಜಾಲರಿ ನಿಲ್ಲಿಸಿದರೆ ನೋಡುವವರಿಗೆ ಮೊದಲು ಕಾಣುವುದೇ ಜಾಲರಿ.

ಇನ್ನೊಂದು ನಷ್ಟವೂ ಆಗಿದೆ. ನಮ್ಮ ಮಕ್ಕಳು ಅದೇ ನೀರಿನ ಇನ್ನೊಂದು ಮಗ್ಗುಲಲ್ಲಿ ಗಿಡ್ಡ ಸೊಂಡಿಲಿನ, ಹಂದಿಯ ಹಾಗೆ ಕಾಣುವ ಮಲಯ ಟೇಪಿರ್‌ಗೆ ಜಾಗ ಕೊಟ್ಟಿದ್ದರು. ಟೇಪಿರ್‌ಗೆ ನೀರು ಅಂದರೆ ಪ್ರಾಣ, ಚೆನ್ನಾಗಿ ಈಜುತ್ತದೆ. ಗಿಬ್ಬನ್, ಟೇಪಿರ್ ಎರಡೂ ಮಲಯ ಪರ್ಯಾಯ ದ್ವೀಪದಲ್ಲೂ ಸುಮಾತ್ರದಲ್ಲೂ ಇರುವ ಪ್ರಾಣಿಗಳು. ಒಂದು ಮರದ ತುದಿಯಲ್ಲಿ, ಒಂದು ನೆಲದ ಮೇಲೆ. ಮಳೆಕಾಡು ಅಂದರೆ ಹೀಗೆ ಅಂತಸ್ತು ಅಂತಸ್ತಾಗಿ ಬದುಕುವ ಜಾಗ ಎಂದು ಒಂದೇ ನೋಟದಲ್ಲಿ ತಿಳಿಯುತ್ತಿತ್ತು. ನೀರು ತೆಗೆಯಿರಿ ಎಂದರೆ ಟೇಪಿರ್‌ದೂ ಹೋಯಿತು.

ನಿಜಕ್ಕೆ ಹತ್ತಿರ ತರುವುದಕ್ಕೆ ನನ್ನ ವಿರೋಧ ಇಲ್ಲ. ಇದೇ ಅಪ್‌ಡೇಟ್‌ನಲ್ಲಿ ಇಗ್ವಾನಾ ಎಂಬ ದೊಡ್ಡ ಹಲ್ಲಿಗೆ ಯುವಿ (ನೇರಳಾತೀತ ಬೆಳಕಿನ) ದೀಪ ಕಡ್ಡಾಯ ಮಾಡಿದ್ದೀರಿ. ಅದು ಒಳ್ಳೆಯ ಕೆಲಸ. ಆ ಬೆಳಕು ಇಲ್ಲದಿದ್ದರೆ ಅದರ ಮೈಯಲ್ಲಿ ಡಿ ವಿಟಮಿನ್ ತಯಾರಾಗುವುದಿಲ್ಲ, ಮೂಳೆ ಮೆತ್ತಗಾಗುತ್ತದೆ. ಮಕ್ಕಳು ಅದನ್ನು ಓದಿ ತಿಳಿದು, ಗಾಜಿನ ಮನೆಯಲ್ಲಿ ದೀಪ ಹಾಕಿದರು. ಇಗ್ವಾನಾಗೆ ತೋರಿಸಿದ ಕಾಳಜಿಯನ್ನು ಗಿಬ್ಬನ್‌ಗೂ ತೋರಿಸಿ ಅನ್ನುವುದಷ್ಟೇ ನನ್ನ ಮಾತು.

ಎರಡನೇ ದೂರು ಥೀಮ್ ಅಂಕದ ಬಗ್ಗೆ. ಇದು ಮಕ್ಕಳ ಮನಸ್ಸಿಗೆ ಜಾಸ್ತಿ ನೋವು ಕೊಟ್ಟಿದ್ದು.

ಮೃಗಾಲಯದ ಅರ್ಧ ಭಾಗ ಮಳೆಕಾಡು. ಇನ್ನರ್ಧ ನಮ್ಮ ಕಡೆಯ ಒಣ ನಾಡು. ಕೃಷ್ಣಮೃಗ, ತೋಳ, ಕತ್ತೆಕಿರುಬ, ನರಿ. ಜಾಲಿ, ಬೇವು, ಕೆಂಪು ಹೂ ಬಿಟ್ಟ ಮುತ್ತುಗ, ನಡುವೆ ಒಣಹುಲ್ಲು. ಕೃಷ್ಣಮೃಗ ನಮಗೆ ಟಿವಿಯಲ್ಲಿ ನೋಡುವ ಪ್ರಾಣಿ ಅಲ್ಲ, ಬೀದರ್ ಕಡೆ ಹೊಲದಲ್ಲೇ ಹಿಂಡು ಕಾಣುತ್ತವೆ. ನಮ್ಮ ಜಿಲ್ಲೆಯ ಚಿಂಚೋಳಿಯಲ್ಲಿ ವನ್ಯಜೀವಿ ಧಾಮವೇ ಇದೆ. ಅದನ್ನು ನೆನಪಿಟ್ಟುಕೊಂಡೇ ಮಕ್ಕಳು ಈ ಭಾಗ ಕಟ್ಟಿದ್ದು. ಅಪ್‌ಡೇಟ್‌ಗೆ ಮುಂಚೆ ಇದಕ್ಕೂ ಉಷ್ಣವಲಯದ ಅಂಕ ಸಿಗುತ್ತಿತ್ತು. ಈಗ ಪ್ಯಾಕಿನ ತಾಳೆ, ಬಾಳೆ, ಬಿದಿರು, ಜರೀಗಿಡ ಇದ್ದರೆ ಮಾತ್ರ ಅಂಕ. ನಮ್ಮ ಬೇವು, ಜಾಲಿಯ ಮೇಲೆ ಒತ್ತಿದರೆ "ಥೀಮ್‌ಗೆ ಹೊಂದುವುದಿಲ್ಲ" ಎಂದು ಬರುತ್ತದೆ.

"ಮ್ಯಾಡಂ, ನಮ್ ಕಲಬುರಗಿ ಉಷ್ಣವಲಯದಾಗ ಬರಂಗಿಲ್ಲೇನ್ರಿ?" ಎಂದು ಒಬ್ಬ ಹುಡುಗ ಕೇಳಿದ. ಭೂಗೋಳದ ಪುಸ್ತಕ ತೆರೆದು ತೋರಿಸಬೇಕಾಯಿತು. ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು 23.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕಲಬುರಗಿ ಇರುವುದು ಸುಮಾರು 17 ಡಿಗ್ರಿಯಲ್ಲಿ. ಅಂದರೆ ಉಷ್ಣವಲಯದ ಒಳಗೇ, ಅದರ ಗಡಿಯಿಂದ ಬಹಳ ಕೆಳಗೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಇದೇ ರಾಜ್ಯದ ಆಗುಂಬೆಯಲ್ಲಿ 7,000 ಮಿಲಿಮೀಟರ್‌ಗೂ ಜಾಸ್ತಿ. ಎರಡೂ ಉಷ್ಣವಲಯವೇ. ಆಗುಂಬೆ ಕಡೆಯ ಸಿಂಗಳೀಕಕ್ಕೆ ಪೂರ್ತಿ ಅಂಕ, ನಮ್ಮ ಕಡೆಯ ಕೃಷ್ಣಮೃಗಕ್ಕೆ ಸೊನ್ನೆ ಅಂದರೆ ಅದು ತಪ್ಪು ಪಾಠ. ಮಕ್ಕಳು ಆಟದಿಂದಲೂ ಕಲಿಯುತ್ತಾರೆ ಸ್ವಾಮಿ. ತಮ್ಮ ಊರಿನ ಬೇವಿನ ಮರ ಲೆಕ್ಕಕ್ಕೇ ಇಲ್ಲ ಎಂದು ಅವರು ಕಲಿಯುವುದು ನನಗೆ ಬೇಡ.

ಇದು ಬರೀ ಅಭಿಪ್ರಾಯದ ಮಾತೂ ಅಲ್ಲ. ಪ್ಯಾಕ್ ಮಾರುವ ಪುಟದಲ್ಲಿ "ಉಷ್ಣವಲಯದ ಕಾಡು, ಹುಲ್ಲುಗಾವಲು, ಕುರುಚಲು ಎಲ್ಲವನ್ನೂ ಕಟ್ಟಿ" ಎಂದು ನೀವೇ ಬರೆದಿದ್ದಿರಿ. ಅದನ್ನು ಓದಿಯೇ ನಾನು 449 ರೂಪಾಯಿ ಕೊಟ್ಟು ಕೊಂಡಿದ್ದು. ಕೊಂಡ ಮೇಲೆ ಅದರ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡರೆ ಹೇಗೆ?

ಸೇವ್ ಫೈಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಪ್‌ಡೇಟ್ ತಾನಾಗಿಯೇ ಇಳಿಯಿತು, ಬೇಕಾ ಬೇಡವಾ ಎಂದು ಕೇಳಲಿಲ್ಲ. ನಂತರ ಆಟ ತೆರೆದ ಕೂಡಲೇ ಹಳೆಯ ಫೈಲ್ ಹೊಸ ರೂಪಕ್ಕೆ ಬದಲಾಯಿತು. ನಿಮ್ಮ ಸರ್ವರ್‌ನಲ್ಲಿದ್ದ ಪ್ರತಿಯ ಮೇಲೂ ಅದೇ ಬಂದು ಕೂತಿತು. ಹೀಗಾಗುತ್ತದೆ, ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ ಎಂಬ ಒಂದು ಸಾಲು ತೆರೆಯ ಮೇಲೆ ಬಂದಿದ್ದರೂ ಸಾಕಿತ್ತು.

ನಾನು ಕೇಳುವುದು ಇಷ್ಟು. ಅಪ್‌ಡೇಟ್‌ಗೆ ಹಿಂದಿನ ದಿನದ ನಮ್ಮ ಸೇವ್ ಫೈಲ್ ನಿಮ್ಮ ಸರ್ವರ್‌ನ ಬ್ಯಾಕಪ್‌ನಲ್ಲಿ ಇದ್ದರೆ ಅದನ್ನು ಹುಡುಕಿ ಕೊಡಿ, ಜೊತೆಗೆ ಆಟವನ್ನು ಹಳೆಯ ಆವೃತ್ತಿಯಲ್ಲಿ ತೆರೆಯುವ ದಾರಿಯನ್ನೂ ಕೊಡಿ. ಮಕ್ಕಳಿಗೆ ತುರ್ತಾಗಿ ಬೇಕಾದದ್ದು ಇದು. ಮುಂದಿನ ಅಪ್‌ಡೇಟ್‌ನಲ್ಲಿ ಗಿಬ್ಬನ್‌ಗೆ ನೀರಿನ ಕಂದಕವನ್ನು ಮತ್ತೆ ಬೇಲಿ ಎಂದು ಲೆಕ್ಕ ಹಾಕಿ. ಉಷ್ಣವಲಯದ ಥೀಮ್‌ಗೆ ಒಣ ನಾಡಿನ ಗಿಡ, ಪ್ರಾಣಿಗಳನ್ನೂ ಸೇರಿಸಿ. ಇದ್ಯಾವುದೂ ಆಗುವುದಿಲ್ಲ ಅಂದರೆ ಪ್ಯಾಕಿನ ಹಣವನ್ನೂ ಆಟದ ಹಣವನ್ನೂ ವಾಪಸ್ ಮಾಡಿ, ಮಾರುವ ಪುಟದಲ್ಲಿ ಇರುವ ಮಾತನ್ನು ತಿದ್ದಿ. ಇನ್ನೊಬ್ಬರು ಅದನ್ನು ನಂಬಿ ಕೊಳ್ಳುವುದು ಬೇಡ.

ನಮ್ಮ ದೇಶದಲ್ಲಿ 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಆ ಅವಧಿಯಲ್ಲಿ ಉತ್ತರ ಬರದಿದ್ದರೆ 1915 ನಂಬರಿನ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲಿಯೂ ಆಗದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕರು ತಾವು ಇರುವ ಊರಿನಲ್ಲೇ ದೂರು ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇದೆ. ಅಲ್ಲಿವರೆಗೆ ಹೋಗುವ ಆಸೆ ನನಗಿಲ್ಲ, ನೀವೇ ಸರಿಮಾಡಿದರೆ ಎಲ್ಲರಿಗೂ ಒಳ್ಳೆಯದು.

ದಯವಿಟ್ಟು ಈ ಸಲ ಮೊದಲೇ ಬರೆದಿಟ್ಟ ಉತ್ತರ ಕಳಿಸಬೇಡಿ. ಆಟ ಗೊತ್ತಿರುವ ಒಬ್ಬರು ನಮ್ಮ ಫೈಲ್ ತೆರೆದು, ಗಿಬ್ಬನ್ ದ್ವೀಪದ ದಡವನ್ನು ಹತ್ತಿರದಿಂದ ನೋಡಿ, ಆಮೇಲೆ ಬರೆಯಲಿ.

ಬಿಲ್ಲಿನ ಪ್ರತಿ, ಅಪ್‌ಡೇಟ್‌ಗೆ ಮುಂಚಿನ ಮತ್ತು ನಂತರದ ಸ್ಕ್ರೀನ್‌ಶಾಟ್‌ಗಳು, ಪ್ಯಾಕ್ ಮಾರುವ ಪುಟದ ಚಿತ್ರ, ಕಸ್ಟಮರ್ ಕೇರ್‌ನ ಉತ್ತರ, ಈಗಿನ ಸೇವ್ ಫೈಲ್ ಇವೆಲ್ಲವನ್ನೂ ಈ ಪತ್ರದ ಜೊತೆ ಕಳಿಸಿದ್ದೇನೆ. ಮಕ್ಕಳು ನೋಟ್‌ಬುಕ್‌ನಲ್ಲಿ ಬರೆದ ನಕ್ಷೆಗಳ ಫೋಟೋಗಳೂ ಅದರಲ್ಲಿವೆ.

ಇತಿ,
ನಿಮ್ಮ ಗ್ರಾಹಕಿ,
ಕಂಪ್ಯೂಟರ್ ಕ್ಲಾಸ್ ಶಿಕ್ಷಕಿ, ಕಲಬುರಗಿ