ಎರಡು ಲಕ್ಷ ಜನರ ಊರಿಗೆ ಎಷ್ಟು ತಂಡ ಬೇಕು?

ಸಾಲ್ಟ್ ಲೇಕ್ ಸಿಟಿ, ಯೂಟಾ, ಅಮೆರಿಕ
16-11-2025, ಭಾನುವಾರ

ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಲ್ಲಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಅಜ್ಜಿಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು ಅಂತ ಸುಮಾ ಹೇಳಿದಳು, ಸಮಾಧಾನ ಆಯಿತು.

ನಿಮ್ಮ ಕಾಗದ ಬಂತು. ಫೋನಿನಲ್ಲಿ ಕೇಳಿದರೆ ಅಮ್ಮನ ಕಿವಿಗೆ ಬೀಳುತ್ತದೆ ಅಂತ ಬರೆದಿದ್ದೀರಿ. ನಾನೂ ಅದಕ್ಕೇ ಬರೆಯುತ್ತಿದ್ದೇನೆ. ಶ್ರೀಧರನ ಮಾವ ಚಿಕ್ಕಪ್ಪನಿಗೆ ಹೇಳಿ, ಚಿಕ್ಕಪ್ಪ ನಿಮಗೆ ಹೇಳಿ, ಅಷ್ಟರಲ್ಲಿ ನಾನು ಕೆಲಸ ಬಿಟ್ಟು ಹೋಟೆಲ್ ಇಟ್ಟೆ ಅಂತ ಆಗಿದೆ. ಕೆಲಸ ಬಿಟ್ಟಿಲ್ಲ, ಅಪ್ಪಾ. ಬಿಡುವುದೂ ಇಲ್ಲ. ಹೋಟೆಲ್ ಇಡುತ್ತಿರುವುದು ಶ್ರೀಧರ. ನನ್ನ ವೀಸಾದಲ್ಲಿ ನಾನು ಅಲ್ಲಿ ನಿಂತು ಒಂದು ಲೋಟ ತೊಳೆಯುವ ಹಾಗೂ ಇಲ್ಲ. ದುಡ್ಡು ಹಾಕಬಹುದು, ಅಷ್ಟೇ. ನನ್ನ ಪಾಲು 15 ಸಾವಿರ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 13 ಲಕ್ಷ. ಸುಮಾಳ ಮದುವೆಗೆ ಅಂತ ಇಟ್ಟಿರುವುದೂ ಹೆಚ್ಚುಕಡಿಮೆ ಅಷ್ಟೇ ಅಂತ ನೀವು ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದೀರಿ. ನೋಡಿದೆ.

ಹೋಟೆಲ್ ಬರುವುದು ನಾರ್ತ್ ಟೆಂಪಲ್ ಅನ್ನುವ ರಸ್ತೆಯಲ್ಲಿ, ವಿಮಾನ ನಿಲ್ದಾಣಕ್ಕೆ ಹೋಗುವ ಟ್ರೈನ್ ದಾರಿಯಲ್ಲಿ. ಅಲ್ಲೇ ಪಕ್ಕದಲ್ಲಿ ದೊಡ್ಡ ಜಾಗ ಇದೆ, ಊರಿಗೆ ಬೇಸ್‌ಬಾಲ್ ತಂಡ ಸಿಕ್ಕರೆ ಅಲ್ಲಿ ಮೈದಾನ ಕಟ್ಟುತ್ತಾರಂತೆ. ಮೈದಾನ ಬಂದರೆ ಜನ ಬರುತ್ತಾರೆ, ಜನ ಬಂದರೆ ವ್ಯಾಪಾರ ಅಂತ ಶ್ರೀಧರನ ಲೆಕ್ಕ. ಅದಕ್ಕೆ ನೀವು ಕೇಳಿದ್ದೀರಿ: "ಆ ಊರಿನ ಜನಸಂಖ್ಯೆ ನಮ್ಮ ದಾವಣಗೆರೆಯ ಅರ್ಧವೂ ಇಲ್ಲ. ಆಗಲೇ ಮೂರು ತಂಡ ಇದೆ ಅಂತೀಯ. ಎರಡು ಲಕ್ಷ ಜನರ ಊರಿಗೆ ಎಷ್ಟು ತಂಡ ಬೇಕು?" ಮೇಷ್ಟ್ರು ಮೇಷ್ಟ್ರೇ. ರಿಟೈರ್ ಆದರೂ ಬಿಡಲಿಲ್ಲ.

ಇಲ್ಲಿ ನಾನು ಸ್ವಲ್ಪ ವಾದ ಮಾಡಬೇಕು. ನಗರಸಭೆಯ ಗಡಿಯೊಳಗೆ ಎರಡು ಲಕ್ಷ ಅನ್ನುವುದು ನಿಜ. ಆದರೆ ಬೆಟ್ಟದ ಸಾಲಿನ ಬುಡದಲ್ಲಿ ಉತ್ತರದ ಆಗ್ಡನ್‌ನಿಂದ ದಕ್ಷಿಣದ ಪ್ರೊವೊವರೆಗೆ ಒಂದೇ ಊರಿನ ಹಾಗೆ ಹಬ್ಬಿಕೊಂಡಿದೆ. ಯೂಟಾ ರಾಜ್ಯದ ಹತ್ತರಲ್ಲಿ ಎಂಟು ಜನ ಈ ಪಟ್ಟಿಯಲ್ಲೇ ಇದ್ದಾರೆ. ಬೇರೆ ರಾಜ್ಯಗಳಿಗಿಂತ ಇಲ್ಲಿ ಚಿಕ್ಕ ವಯಸ್ಸಿನವರು ಜಾಸ್ತಿ, ಮನೆ ತುಂಬ ಮಕ್ಕಳು. ಹಾಗಾಗಿ ಎರಡು ಲಕ್ಷ ಅಂತ ನೋಡಬೇಡಿ, ಇಪ್ಪತ್ತೈದು ಲಕ್ಷ ಅಂತ ನೋಡಿ.

ಬ್ಯಾಸ್ಕೆಟ್‌ಬಾಲ್ ತಂಡದ ಹೆಸರು ಯೂಟಾ ಜಾಝ್. ಜಾಝ್ ಅಂದರೆ ನ್ಯೂ ಆರ್ಲಿಯನ್ಸ್‌ನ ಸಂಗೀತ. 1979ರಲ್ಲಿ ತಂಡ ಅಲ್ಲಿಂದ ಇಲ್ಲಿಗೆ ಬಂತು. ಊರು ಬದಲಾಯಿತು, ಬೋರ್ಡ್ ಬದಲಾಗಲಿಲ್ಲ. 1997, 1998 ಎರಡು ವರ್ಷವೂ ಫೈನಲ್‌ಗೆ ಹೋಗಿ ಮೈಕೆಲ್ ಜೋರ್ಡನ್‌ನ ಶಿಕಾಗೊ ತಂಡಕ್ಕೆ ಸೋತರು. ಇಲ್ಲಿನವರು ಅದನ್ನು ನಿನ್ನೆ ಆದ ಹಾಗೆ ಹೇಳುತ್ತಾರೆ. ಕಳೆದ ಸೀಸನ್‌ನಲ್ಲಿ 82 ಪಂದ್ಯದಲ್ಲಿ ಗೆದ್ದದ್ದು ಬರೀ 17. ಆದರೂ ಜನ ಹೋಗುವುದು ಬಿಡಲಿಲ್ಲ. ಫುಟ್‌ಬಾಲ್ ತಂಡ ಇನ್ನೊಂದು, ಆಚೆ ಸ್ಯಾಂಡಿ ಅನ್ನುವ ಊರಿನಲ್ಲಿ. ಅವರು 2009ರಲ್ಲಿ ಕಪ್ ಗೆದ್ದಿದ್ದರು.

ಮೂರನೆಯದು ಐಸ್ ಹಾಕಿ. ಇದರ ಕಥೆ ನಿಮಗೆ ಹೇಳಲೇಬೇಕು. 2024ರ ಏಪ್ರಿಲ್‌ನಲ್ಲಿ ಅರಿಜೋನಾದಿಂದ ಇಡೀ ತಂಡವನ್ನೇ ತಂದುಬಿಟ್ಟರು. ಆಟಗಾರರು, ಕೋಚ್, ಎಲ್ಲ. ಹೆಸರು ಮಾತ್ರ ತರಲಿಲ್ಲ. ಒಂದು ವರ್ಷ ಸುಮ್ನೆ "ಯೂಟಾ ಹಾಕಿ ಕ್ಲಬ್" ಅಂತ ಆಡಿದರು, ಆಮೇಲೆ ಜನರಿಂದ ವೋಟು ಹಾಕಿಸಿ ಮ್ಯಾಮತ್ ಅಂತ ಹೆಸರಿಟ್ಟರು. ನಾಮಕರಣ ಸ್ವಲ್ಪ ತಡ. ಆಡುವುದು ಜಾಝ್‌ನವರ ಹಾಲ್‌ನಲ್ಲೇ, ಡೆಲ್ಟಾ ಸೆಂಟರ್. ಇವತ್ತು ಐಸ್ ಮೇಲೆ ಹಾಕಿ, ನಾಳೆ ಅದೇ ಐಸ್ ಮೇಲೆ ಹಲಗೆ ಹೊದಿಸಿ ಬ್ಯಾಸ್ಕೆಟ್‌ಬಾಲ್. 1991ರಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಅಂತ ಕಟ್ಟಿದ ಹಾಲ್. ಹಾಕಿ ಬಂದಾಗ ಸಾವಿರಾರು ಸೀಟಿನಿಂದ ಒಂದು ಕಡೆಯ ಗೋಲು ಕಾಣುತ್ತಿರಲಿಲ್ಲ. ಆ ಸೀಟನ್ನೂ ಕಡಿಮೆ ರೇಟಿಗೆ ಮಾರಿದರು, ಜನ ಕೊಂಡರು! ನಾನೂ ಒಂದು ಸಲ ಅಲ್ಲೇ ಕುಳಿತಿದ್ದೆ. ಗೋಲಾದಾಗ ಪಕ್ಕದವರ ಮುಖ ನೋಡಿ ಚಪ್ಪಾಳೆ ತಟ್ಟಿದೆ.

ಆಟದ ಮಧ್ಯೆ ಇಬ್ಬರು ಗ್ಲೌಸ್ ಕಿತ್ತೆಸೆದು ಗುದ್ದಾಡುತ್ತಾರೆ. ರೆಫರಿ ಪಕ್ಕದಲ್ಲೇ ನಿಂತು ನೋಡುತ್ತಾನೆ. ಯಾರಾದರೂ ಬಿದ್ದ ಮೇಲೆ ಬಿಡಿಸಿ, ಇಬ್ಬರನ್ನೂ ಐದು ನಿಮಿಷ ಒಂದೊಂದು ಡಬ್ಬಿಯಲ್ಲಿ ಕೂರಿಸುತ್ತಾನೆ. ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಲ್ಲ, ಥೇಟ್ ಹಾಗೆ. ಹೊಡೆದವನ ಅಪ್ಪನನ್ನು ಮಾತ್ರ ಕರೆಸುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಾಕಿ ತಂಡ ಮೊದಲಿದ್ದ ಅರಿಜೋನಾದ ಫೀನಿಕ್ಸ್ ಸುತ್ತಮುತ್ತ ಹತ್ತಿರ ಐವತ್ತು ಲಕ್ಷ ಜನ. 1996ರಿಂದ ಅಲ್ಲಿತ್ತು. ಕೊನೆಕೊನೆಗೆ ಒಂದು ಕಾಲೇಜಿನ 5 ಸಾವಿರ ಸೀಟಿನ ಹಾಲ್‌ನಲ್ಲಿ ಆಡುವ ಗತಿ ಬಂತು. ಹೊಸ ಹಾಲ್ ಬೇಕಾ ಅಂತ ಅಲ್ಲೇ ಪಕ್ಕದ ಟೆಂಪಿ ಊರಿನವರನ್ನು 2023ರಲ್ಲಿ ಕೇಳಿದರು, ಜನ ಬೇಡ ಅಂತ ವೋಟು ಹಾಕಿದರು. ಮರುವರ್ಷ ತಂಡ ಇಲ್ಲಿಗೆ. ಅಂದರೆ ಊರು ದೊಡ್ಡದಾದ ಮಾತ್ರಕ್ಕೆ ಆಗುವುದಿಲ್ಲ, ಅಲ್ವಾ? ಹಾಗಾದರೆ ಚಿಕ್ಕದಾದ ಮಾತ್ರಕ್ಕೆ ಆಗುವುದಿಲ್ಲ ಅಂತಲೂ ಹೇಳುವ ಹಾಗಿಲ್ಲ. ಇಷ್ಟು ಹೊತ್ತಿಗೆ ನಾನು ಗೆದ್ದೆ ಅಂತ ಇಟ್ಟುಕೊಳ್ಳಿ.

ಆದರೆ ಬೇಸ್‌ಬಾಲ್ ಬೇರೆ. ಇದನ್ನು ಶ್ರೀಧರನ ಮುಂದೆ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಬ್ಯಾಸ್ಕೆಟ್‌ಬಾಲ್, ಹಾಕಿ ಎರಡರಲ್ಲೂ ತವರಿನ ಪಂದ್ಯ ನಲವತ್ತು ಚಿಲ್ಲರೆ. ಬೇಸ್‌ಬಾಲ್‌ನಲ್ಲಿ 81. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನ ಬಿಟ್ಟು ದಿನ. ಇಲ್ಲಿ ಏಪ್ರಿಲ್‌ನಲ್ಲೂ ಒಮ್ಮೊಮ್ಮೆ ಹಿಮ ಬೀಳುತ್ತದೆ. ಇನ್ನೊಂದು, ಭಾನುವಾರ. ಈಗ ಕಿಟಕಿಯಲ್ಲಿ ನೋಡುತ್ತಿದ್ದೇನೆ, ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಇಲ್ಲಿ ಮಾರ್ಮನ್ ಅನ್ನುವ ಕ್ರೈಸ್ತ ಪಂಗಡದವರು ಬಹಳ, ಆ ಕುಟುಂಬಗಳು ಭಾನುವಾರ ಚರ್ಚಿಗೆ ಹೋಗಿ ಬಂದು ಮನೆಯಲ್ಲೇ ಇರುತ್ತಾರೆ. ಪ್ರೊವೊದಲ್ಲಿರುವ ಅವರ ವಿಶ್ವವಿದ್ಯಾಲಯದ ತಂಡಗಳು ಭಾನುವಾರ ಆಡುವುದೇ ಇಲ್ಲ. ಬೇಸ್‌ಬಾಲ್‌ಗೆ ಭಾನುವಾರವೇ ಸಂತೆ ದಿನ. ಮನೆ ತುಂಬ ಮಕ್ಕಳಿರುವ ಆ ಕುಟುಂಬಗಳೇ ಬರದಿದ್ದರೆ?

ಜೇಬಿನ ವಿಷಯವೂ ಇದೆ. ಹಾಕಿ ಬಂದ ಮೇಲೆ ನಾನು ಮೂರು ಸಲ ಹಾಕಿಗೆ ಹೋದೆ. ಜಾಝ್ ನೋಡಲು ಒಂದು ಸಲವೂ ಹೋಗಲಿಲ್ಲ. ಸಂಬಳ ಜಾಸ್ತಿ ಆಗಿರಲಿಲ್ಲವಲ್ಲ. ಸ್ಟೇಡಿಯಂ ಬಂದರೆ ಊರಿನ ಆದಾಯ ಅಷ್ಟೇನೂ ಏರುವುದಿಲ್ಲ, ಸಿನಿಮಾಕ್ಕೆ ಕೊಡುತ್ತಿದ್ದ ದುಡ್ಡು ಮ್ಯಾಚಿಗೆ ಹೋಗುತ್ತದೆ ಅಷ್ಟೇ ಅಂತ ಅರ್ಥಶಾಸ್ತ್ರ ಓದಿದವರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ದುಬಾರಿ ಬಾಕ್ಸ್ ಸೀಟು ಕೊಳ್ಳುವ ಕಂಪನಿಗಳೂ ಅವವೇ. ಆದರೂ ಬೇಸ್‌ಬಾಲ್ ಬಂದರೆ ಮೈದಾನಕ್ಕೆ 90 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಅಂತ ರಾಜ್ಯದವರು 2024ರಲ್ಲೇ ಕಾನೂನು ಮಾಡಿಟ್ಟಿದ್ದಾರೆ. ಡೆಲ್ಟಾ ಸೆಂಟರ್ ರಿಪೇರಿಗೆ ಈ ವರ್ಷದಿಂದ ಊರಿನಲ್ಲಿ ಅರ್ಧ ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್ ಹೆಚ್ಚಿಗೆ. ಟೆಂಪಿಯಲ್ಲಿ ಕೇಳಿದ ಹಾಗೆ ಇಲ್ಲಿ ಜನರ ವೋಟು ಕೇಳಲಿಲ್ಲ, ನಗರಸಭೆಯವರೇ ತೀರ್ಮಾನ ಮಾಡಿದರು. ನಾನು ಹೋಟೆಲಿನಲ್ಲಿ ಕಾಫಿ ಕುಡಿದರೂ ಅದರಲ್ಲಿ ಹಾಕಿಯ ಪಾಲಿದೆ.

ತಂಡ ಬಂದು ಬಿಟ್ಟುಹೋದರೆ ಅಂತಲೂ ಕೇಳಿದ್ದೀರಿ. ಹೋಗುತ್ತವೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಿಂದ 2019ರಲ್ಲಿ ಬ್ಯಾಸ್ಕೆಟ್‌ಬಾಲ್, 2020ರಲ್ಲಿ ಅಮೆರಿಕನ್ ಫುಟ್‌ಬಾಲ್, 2024ರಲ್ಲಿ ಬೇಸ್‌ಬಾಲ್, ಮೂರೂ ಎದ್ದುಹೋದವು. ಆ ಮೈದಾನಗಳ ಸುತ್ತ ಹೋಟೆಲ್ ಇಟ್ಟವರನ್ನು ನಾನು ಇಲ್ಲಿಯವರೆಗೆ ನೆನೆಸಿಕೊಂಡೇ ಇರಲಿಲ್ಲ.

ಅದಿರಲಿ, ಇನ್ನೊಂದು ಲೆಕ್ಕ. ಅಂಗಡಿಯ ಬಾಡಿಗೆ ಕರಾರು ಐದು ವರ್ಷಕ್ಕೆ. ಬೇಸ್‌ಬಾಲ್‌ನಲ್ಲಿ ಈಗ 30 ತಂಡ ಇದೆ, ಇನ್ನೆರಡು ಸೇರಿಸುವ ಮಾತಿದೆ. ಮಂಡಳಿಯ ಮುಖ್ಯಸ್ಥ 2029ರ ಜನವರಿಯಲ್ಲಿ ನಿವೃತ್ತಿ ಆಗುತ್ತಾರೆ, ಅಷ್ಟರೊಳಗೆ ಊರು ಆರಿಸಬೇಕು ಅನ್ನುವುದು ಅವರ ಆಸೆ. ಸಾಲಿನಲ್ಲಿ ನ್ಯಾಶ್‌ವಿಲ್, ಪೋರ್ಟ್‌ಲೆಂಡ್ ಎಲ್ಲ ನಿಂತಿವೆ. ನಮ್ಮ ಊರನ್ನೇ ಆರಿಸಿದರು ಅಂತ ಇಟ್ಟುಕೊಂಡರೂ, ಆಮೇಲೆ ಮೈದಾನ ಕಟ್ಟಬೇಕು. ಮೊದಲ ಪಂದ್ಯದ ಹೊತ್ತಿಗೆ ನಮ್ಮ ಕರಾರು ಮುಗಿದಿರುತ್ತದೆ. ಐದು ವರ್ಷ ಬಾಡಿಗೆ ಕಟ್ಟಿ ಖಾಲಿ ಜಾಗ ಕಾಯ್ದ ಹಾಗೆ. ಇದು ಇಲ್ಲಿ ಬರೆಯುವವರೆಗೂ ನನಗೆ ಹೊಳೆದಿರಲಿಲ್ಲ ಅಂದರೆ ನೀವು ನಗುತ್ತೀರಿ.

ನೀವು ಏನೂ ಗಾಬರಿ ಆಗಬೇಡಿ. ಖಂಡಿತ ಆಗಬೇಡಿ. ಸುಮಾಳ ಮದುವೆ ದುಡ್ಡು ಬೇರೆ ಖಾತೆಯಲ್ಲಿದೆ, ಮುಟ್ಟಿಲ್ಲ. ಅಂದರೆ ಪೂರ್ತಿ ಮುಟ್ಟಿಲ್ಲ. 5 ಸಾವಿರ ಡಾಲರ್ ಮುಂಗಡ ಅಂತ ಶ್ರೀಧರನಿಗೆ ಕೊಟ್ಟಿದ್ದೆ, ಆಗಸ್ಟ್‌ನಲ್ಲಿ. ಅವನು ಒಳ್ಳೆಯವನು, ಕೇಳಿದರೆ ಕೊಡುತ್ತಾನೆ. ಇವತ್ತೇ ಕೇಳುತ್ತೇನೆ. ಡೆಲ್ಟಾ ಸೆಂಟರ್ ಹತ್ತಿರ ಸಣ್ಣ ಜಾಗ ನೋಡು, ಅಲ್ಲಿ ಎರಡು ತಂಡದ ಜನ ಈಗಲೇ ಇದ್ದಾರೆ, ಆಗ ನೋಡೋಣ ಅಂತ ಹೇಳುತ್ತೇನೆ. ಛತ್ರದವರಿಗೆ ಕೊಡಬೇಕಾದ ದುಡ್ಡು ಶುಕ್ರವಾರದೊಳಗೆ ನಿಮ್ಮ ಖಾತೆಗೆ ಬರುತ್ತದೆ. ಹುಡುಗನ ಮನೆಯವರ ಮುಂದೆ ನೀವು ತಲೆ ತಗ್ಗಿಸುವ ಹಾಗೆ ಆಗುವುದಿಲ್ಲ. ನನ್ನ ಆರೋಗ್ಯ ಚೆನ್ನಾಗಿದೆ, ಕೆಲಸ ಚೆನ್ನಾಗಿದೆ, ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೇನೆ, ಸ್ವೆಟರ್ ಹಾಕಿಕೊಳ್ಳುತ್ತೇನೆ.

ಶ್ರೀಧರ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿದ್ದಾನೆ. ಬಾಕಿ ಮುಂದಿನ ಕಾಗದದಲ್ಲಿ. ಅಮ್ಮ ಕೇಳಿದರೆ ಹಾಕಿಯವರ ಜಗಳದ ಭಾಗ ಮಾತ್ರ ಓದಿ ಹೇಳಿ.

ನಿಮ್ಮ
ರವಿ