ಬಂಧನದ ಮೊದಲ ಮೂರು ದಿನ ಮಾತ್ರೆ ತಪ್ಪದಿರಲಿ

ಮಾನ್ಯ ಸಂಪಾದಕರೇ,

ಕೈದಿಗಳ ಮಾನಸಿಕ ಆರೋಗ್ಯದ ಮಾತು ಬಂದಾಗಲೆಲ್ಲ ಯೋಗ, ಧ್ಯಾನ, ಆಪ್ತಸಮಾಲೋಚನೆ ಶಿಬಿರಗಳ ಸುದ್ದಿ ಓದುತ್ತೇವೆ. ಅವೆಲ್ಲ ಬೇಕು. ಆದರೆ ತಡೆಯಬಹುದಾದ ಅನಾಹುತ ಶುರುವಾಗುವುದು ಅದಕ್ಕೂ ಮೊದಲೇ, ಠಾಣೆಯಿಂದ ಜೈಲಿಗೆ ಸೇರುವ ಮೊದಲ ಮೂರು ದಿನಗಳಲ್ಲಿ. ಕಾರಣ ನೋಡಿದರೆ ಸಣ್ಣದು: ದಿನಾ ನುಂಗುತ್ತಿದ್ದ ಮಾತ್ರೆ ತಪ್ಪಿಹೋಗುತ್ತದೆ.

ಶುಕ್ರವಾರ ರಾತ್ರಿ ಒಂಬತ್ತಕ್ಕೆ ಒಬ್ಬನ ಬಂಧನವಾಯಿತು ಎಂದಿಟ್ಟುಕೊಳ್ಳಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಶನಿವಾರ ಸಂಜೆ ಹಾಜರಿ, ನ್ಯಾಯಾಂಗ ಬಂಧನದ ಆದೇಶ, ರಾತ್ರಿ ಮಂಗಳೂರಿನ ಕೊಡಿಯಾಲಬೈಲಿನ ಜೈಲು. ಭಾನುವಾರ ರಜೆ. ವೈದ್ಯರು ಕೂತು ವಿಚಾರಿಸುವಾಗ ಸೋಮವಾರ ಮಧ್ಯಾಹ್ನವಾದರೆ 60 ಗಂಟೆ ದಾಟಿರುತ್ತದೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಾಪಿನ್ ಮಾತ್ರೆ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣಕ್ಕೆ ನೇರವಾಗಿ ಮರಳುವಂತಿಲ್ಲ, 12.5 ಮಿಲಿಗ್ರಾಂನಿಂದ ಪುನಃ ಮೆಲ್ಲಗೆ ಏರಿಸಿಕೊಂಡು ಬರಬೇಕು. ಇಲ್ಲದಿದ್ದರೆ ರಕ್ತದೊತ್ತಡ ಕುಸಿಯಬಹುದು, ಫಿಟ್ಸ್ ಬರಬಹುದು. ಮನೆಯವರು ಮಂಗಳವಾರ ಚೀಟಿ ತಂದುಕೊಟ್ಟರು, ಅದರಲ್ಲಿದ್ದಂತೆ 300 ಮಿಲಿಗ್ರಾಂ ಕೊಟ್ಟರು ಎಂದಾದರೆ ಒಳ್ಳೆಯದು ಮಾಡಲು ಹೋಗಿಯೇ ಅಪಾಯ.

ಬೈಪೋಲಾರ್ (ಮನಸ್ಥಿತಿ ಅತಿಯಾಗಿ ಏರಿಳಿಯುವ) ಕಾಯಿಲೆಗೆ ಕೊಡುವ ಲಿಥಿಯಂನ ಕಥೆ ಬೇರೆ. ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಕೊಟ್ಟರೂ, ನಮ್ಮ ಏಪ್ರಿಲ್ ಸೆಕೆಯಲ್ಲಿ ಕಿಕ್ಕಿರಿದ ಬ್ಯಾರಕ್‌ನಲ್ಲಿ ಬೆವರಿ, ನೀರು ಸಾಲದೆ ಹೋದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಮೈಕೈ ನೋವೆಂದಾಗ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಅದನ್ನು ಏರಿಸುತ್ತವೆ. ಕೈ ನಡುಕ, ವಾಂತಿ, ತೊದಲು ಮಾತು ಕಂಡರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು.

ಎಲ್ಲಕ್ಕಿಂತ ಹೆಚ್ಚು ಅಪಾರ್ಥಕ್ಕೆ ಒಳಗಾಗುವವನು ಮದ್ಯವ್ಯಸನಿ. ಕುಡಿತ ನಿಂತ ಏಳೆಂಟು ಗಂಟೆಗೇ ನಡುಕ, ಬೆವರು ಶುರು. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ಮೂರನೇ ದಿನಕ್ಕೆ ಸನ್ನಿ: ಇಲ್ಲದ ಜನ ಕಾಣುತ್ತಾರೆ, ಗೋಡೆಯಲ್ಲಿ ಹುಳ ಹರಿಯುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಅವನು ಬೀಗ ಬಿದ್ದ ಬ್ಯಾರಕ್‌ನಲ್ಲಿರುತ್ತಾನೆ. ‘ನಾಟಕ ಮಾಡ್ತಿದ್ದಾನೆ’ ಎನ್ನುವ ಮಾತು ಅಲ್ಲಿ ಹುಟ್ಟುತ್ತದೆ. ಇದು ನಾಟಕವಲ್ಲ, ಚಿಕಿತ್ಸೆ ಇಲ್ಲದಿದ್ದರೆ ಜೀವ ಹೋಗುವ ಸ್ಥಿತಿ. ಡೈಯಾಜೆಪಾಮ್ ಅಥವಾ ಲೊರಾಜೆಪಾಮ್ ಬೇಕು. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಬೇಕು, ಇಲ್ಲವಾದರೆ ಮಿದುಳಿಗೆ ಪೆಟ್ಟಾಗಿ ನೆನಪಿನ ಶಕ್ತಿ ಕಾಯಂ ಹೋಗಬಹುದು. ಕೊಡಿಯಾಲಬೈಲಿನಿಂದ ವೆನ್ಲಾಕ್ ಆಸ್ಪತ್ರೆ ಕೂಗಳತೆಯಲ್ಲಿದೆ. ಉಡುಪಿಯವರಿಗೆ ಹಿರಿಯಡ್ಕದ ಜೈಲಿನಿಂದ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯೂ ದೂರದ ಊರೇನಲ್ಲ. ತಡೆ ಇರುವುದು ದಾರಿಯಲ್ಲಿ ಅಲ್ಲ, ಬೆಂಗಾವಲು ಪೊಲೀಸರು ಸಿಗದಿರುವುದರಲ್ಲಿ. ಬಂದೋಬಸ್ತಿನ ದಿನ ಮೊದಲು ರದ್ದಾಗುವುದು ಕೈದಿಯ ಆಸ್ಪತ್ರೆ ಭೇಟಿ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಂ ಪ್ರಕಾರ ಬಂಧಿತನ ವೈದ್ಯಕೀಯ ಪರೀಕ್ಷೆ ಕಡ್ಡಾಯ. ಆದರೆ ಆ ಪರೀಕ್ಷೆ ಗಾಯದ ಗುರುತು ಬರೆಯುವುದರಲ್ಲೇ ಮುಗಿಯುತ್ತದೆ. ಅಲ್ಲಿ ನಾಲ್ಕು ಪ್ರಶ್ನೆ ಸೇರಿಸಬೇಕೆಂಬುದೇ ನಮ್ಮ ಮುಖ್ಯ ಬೇಡಿಕೆ: ದಿನಾ ಯಾವ ಮಾತ್ರೆ? ಕೊನೆಯದಾಗಿ ನುಂಗಿದ್ದು ಯಾವಾಗ? ಕೊನೆಯ ಬಾರಿ ಕುಡಿದದ್ದು ಯಾವಾಗ, ಎಷ್ಟು? ಸಾಯುವ ಯೋಚನೆ ಬರುತ್ತಿದೆಯೇ? ಕೇಳುವ ಭಾಷೆಯೂ ಮುಖ್ಯ. ಪುಸ್ತಕದ ಕನ್ನಡದಲ್ಲಿ ‘ಮಾನಸಿಕ ಕಾಯಿಲೆ ಇದೆಯೇ’ ಎಂದರೆ ಯಾರೂ ಹೂಂ ಅನ್ನುವುದಿಲ್ಲ. ತುಳುವಿನಲ್ಲಿ ‘ಮರ್ದ್’ (ಮದ್ದು) ಎಂದು ಕೇಳಿದರೆ, ಬ್ಯಾರಿ, ಕೊಂಕಣಿ, ಹಿಂದಿಯವರಿಗೆ ಅವರವರ ಮಾತಿನಲ್ಲಿ ಕೇಳಿದರೆ ಉತ್ತರ ಬರುತ್ತದೆ. ತಿಂಗಳಿಗೊಮ್ಮೆ ಸೂಜಿ ತೆಗೆದುಕೊಳ್ಳುವವರೂ ಇರುತ್ತಾರೆ. ‘ಮಾತ್ರೆ ಇಲ್ಲ’ ಎಂದವರನ್ನು ‘ಸೂಜಿ ಉಂಟಾ’ ಎಂದೂ ಕೇಳಬೇಕು.

ಮನೆಯವರು ಮಾಡಬೇಕಾದದ್ದು ಇಷ್ಟು. ಔಷಧದ ಚೀಟಿ ಮತ್ತು ಮಾತ್ರೆಯ ಪಟ್ಟಿ, ಎರಡರ ಫೋಟೊ ತೆಗೆದಿಡಿ. ಒಂದು ಹಾಳೆಯಲ್ಲಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಕೊನೆಯದಾಗಿ ನುಂಗಿದ್ದು ಯಾವಾಗ ಎಂದು ದಪ್ಪಕ್ಷರದಲ್ಲಿ ಬರೆದು ನಾಲ್ಕು ಪ್ರತಿ ಮಾಡಿ. ಒಂದು ಠಾಣಾಧಿಕಾರಿಗೆ (ಸ್ವೀಕೃತಿ ಹಾಕಿಸಿಕೊಳ್ಳಿ), ಒಂದು ಪರೀಕ್ಷೆ ಮಾಡುವ ವೈದ್ಯರಿಗೆ, ಒಂದು ವಕೀಲರಿಗೆ, ಒಂದು ಜೈಲಿನ ವೈದ್ಯಾಧಿಕಾರಿಗೆ. ವಕೀಲರಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ, ಉಚಿತ ವಕೀಲರು ಸಿಗುತ್ತಾರೆ. ವಕೀಲರು ಹಾಜರಿಯ ಹೊತ್ತಿನಲ್ಲೇ ಒಂದು ಮೆಮೊ ಹಾಕಿ, ‘ಔಷಧ ಮುಂದುವರಿಸಿ, 48 ಗಂಟೆಯೊಳಗೆ ವರದಿ ಕೊಡಿ’ ಎಂಬ ಸಾಲನ್ನು ಜೈಲಿಗೆ ಕಳಿಸುವ ವಾರಂಟಿನ ಮೇಲೆಯೇ ಬರೆಸಬೇಕು. ಜೈಲಿನವರು ಮೊದಲು ಓದುವುದು ವಾರಂಟನ್ನು.

ವಕೀಲ ಮಿತ್ರರಲ್ಲಿ ಇನ್ನೊಂದು ಮಾತು. ಚಿಕಿತ್ಸೆ ಕೊಡಿಸುವುದು ಬೇರೆ, ಆರೋಪಿ ವಿಚಾರಣೆ ಎದುರಿಸಲು ಅಸಮರ್ಥ ಎಂದು ಸಂಹಿತೆಯ 367ನೇ ಕಲಂನಡಿ ಅರ್ಜಿ ಹಾಕುವುದು ಬೇರೆ. ಔಷಧಕ್ಕಾಗಿ ಎರಡನೆಯ ಬಾಗಿಲು ತಟ್ಟಬೇಡಿ. ಆ ದಾರಿಯಲ್ಲಿ ಪ್ರಕರಣ ನಿಂತೇ ಹೋಗಬಹುದು, ಮನುಷ್ಯ ಒಳಗೇ ಉಳಿಯಬಹುದು. ಅಸ್ಸಾಂನ ಮಚಾಂಗ್ ಲಾಲುಂಗ್ 1951ರಲ್ಲಿ ಬಂಧನಕ್ಕೊಳಗಾಗಿ, ವಿಚಾರಣೆಯೇ ಇಲ್ಲದೆ 2005ರಲ್ಲಿ ಹೊರಬಂದರು.

ಜೈಲಿನ ಒಳಗೆ ಒಂದು ಕಷ್ಟವಿದೆ, ಅದನ್ನೂ ಒಪ್ಪಬೇಕು. ನಿದ್ರೆ ತರಿಸುವ ಮಾತ್ರೆಗಳು ಕೈಬದಲಾಗುತ್ತವೆ, ಕೂಡಿಡಲ್ಪಡುತ್ತವೆ. ಇದೇ ಭಯದಲ್ಲಿ ಅವನ್ನೆಲ್ಲ ಒಟ್ಟಿಗೆ ನಿಲ್ಲಿಸಿದರೆ ಕ್ಲೊನಾಜೆಪಾಮ್ ಅಭ್ಯಾಸವಿದ್ದವನಿಗೆ ಫಿಟ್ಸ್ ಬರಬಹುದು. ನಿಲ್ಲಿಸುವ ಬದಲು ಸಿಬ್ಬಂದಿಯ ಕಣ್ಣೆದುರೇ ನುಂಗಿಸಿ, ನೀರು ಕುಡಿಸಿ, ಬಾಯಿ ನೋಡಿ, ಪುಸ್ತಕದಲ್ಲಿ ಸಹಿ ಹಾಕಬೇಕು. ರಾತ್ರಿಯ ಮಾತ್ರೆ ಬ್ಯಾರಕ್‌ಗೆ ಬೀಗ ಬೀಳುವ ಮೊದಲು ಮುಗಿಯಬೇಕು. ಜಾಮೀನಿನಲ್ಲಿ ಹೊರಹೋಗುವವನ ಕೈಯಲ್ಲಿ 15 ದಿನದ ಮಾತ್ರೆ ಮತ್ತು ಚಿಕಿತ್ಸೆಯ ಚೀಟಿ ಇರಬೇಕು. ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯ) ಚಿಕಿತ್ಸಾಲಯಕ್ಕೆ ಎಂದು ಅದರಲ್ಲಿ ಬರೆದಿದ್ದರೆ ಮನೆಯವರಿಗೂ ದಾರಿ ಗೊತ್ತಾಗುತ್ತದೆ.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಜೈಲಿನ ಎಲ್ಲ ವೈದ್ಯಾಧಿಕಾರಿಗಳಿಗೆ ಮೂಲ ಹಾಗೂ ತುರ್ತು ಮಾನಸಿಕ ಚಿಕಿತ್ಸೆಯ ತರಬೇತಿ ಕೊಡಬೇಕೆನ್ನುತ್ತದೆ. 103ನೇ ಕಲಂ ಪ್ರಕಾರ ಅವರು ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಕಳಿಸಬೇಕು. ದುರದೃಷ್ಟವೆಂದರೆ ಕಾನೂನು ಕೇಳುವುದು ‘ಮನೋರೋಗಿಗಳು ಯಾರೂ ಇಲ್ಲ’ ಎಂಬ ದೃಢೀಕರಣವನ್ನು. ‘ಇಲ್ಲ’ ಎಂದು ಬರೆಯುವುದೇ ವಾಡಿಕೆಯಾದರೆ ಇರುವವರ ಲೆಕ್ಕ ಸಿಗುವುದೆಲ್ಲಿಂದ? ಜಿಲ್ಲಾ ನ್ಯಾಯಾಧೀಶರು ಜೈಲು ಭೇಟಿಗೆ ಹೋದಾಗ ಅಡುಗೆಮನೆಯ ಜತೆಗೆ ಎರಡು ಪುಸ್ತಕಗಳನ್ನೂ ತೆರೆಸಿ ನೋಡಲಿ: ಮಾತ್ರೆ ಕೊಟ್ಟ ದಾಖಲೆ, ಬೆಂಗಾವಲು ಇಲ್ಲದೆ ರದ್ದಾದ ಆಸ್ಪತ್ರೆ ಭೇಟಿಗಳ ದಾಖಲೆ. ಎರಡನೆಯದು ಇಲ್ಲದಿದ್ದರೆ ಅದೇ ದಿನ ಆರಂಭಿಸಲು ಸೂಚಿಸಲಿ.

– ಕೈದಿಗಳ ಕಾನೂನು ನೆರವು ಹಾಗೂ ಮನೋವೈದ್ಯಕೀಯ ಶುಶ್ರೂಷೆಯಲ್ಲಿ ತೊಡಗಿರುವವರು, ಮಂಗಳೂರು